ಆಚೆ ದಂಡೆಯ ಭೋಂಗಾ

ಹೊಳೆಯ ದಂಡೆಗೆ ಅಡಿವೆಯ್ಯಜ್ಜನ ಆಶ್ರಮ. ತಗಡಿನ ಚಪ್ಪರ, ಎತ್ತರದ ಒಂದು ಕಂಬ, ಕಂಬದ ತುದಿಗೆ ಆಚೆ ದಂಡೆಯ ಕಡೆ ಮುಖ ಮಾಡಿದ ರೇಡಿಯೋ ತಟ್ಟೆ. ಅಲ್ಲಿ ಮಂತ್ರ ಕಲಿಸುತ್ತಿರಲಿಲ್ಲ. ಊರಿನಿಂದ ಊರಿಗೆ ಸುದ್ದಿ ದಾಟಿಸುವ ರೌಟರುಗಳನ್ನು ನೋಡಿಕೊಳ್ಳುವುದು ಹೇಗೆಂದು ಕಲಿಸುತ್ತಿದ್ದರು.

ಮೇಲಿನ ಬ್ಯಾರೇಜಿನವರು ನೀರು ಬಿಟ್ಟರೆ ಸುದ್ದಿ ಮೊದಲು ಆಶ್ರಮದ ರೌಟರಿಗೆ ಬರುತ್ತಿತ್ತು. ಅದು ಆಚೆ ದಂಡೆಯ ರೌಟರಿಗೆ ಕಳಿಸುತ್ತಿತ್ತು. ಎರಡೂ ದಂಡೆಯ ಸೈರನ್ನುಗಳು ಒಟ್ಟಿಗೇ ಕೂಗುತ್ತಿದ್ದವು. ಜನ ಅದನ್ನು ಭೋಂಗಾ ಅನ್ನುತ್ತಿದ್ದರು.

ಆ ದಿನ ಬೆಳಿಗ್ಗೆ ಗೌರವ್ವ ಆಶ್ರಮಕ್ಕೆ ಬಂದಳು. ಸುಮ್ಮನೆ ಬರಲಿಲ್ಲ, ಬೆಂಕಿಯಾಗಿ ಬಂದಳು. ಬೇಸಿಗೆಯಲ್ಲಿ ಹೊಳೆ ಇಳಿದಾಗ, ಆಚೆ ದಂಡೆಗೆ ಹತ್ತಿರವಿರುವ ಉಸುಕಿನ ದಿಬ್ಬದ ಮೇಲೆ ತನ್ನವರೊಂದಿಗೆ ಕಲ್ಲಂಗಡಿ ಬೆಳೆಯುವವಳು ಅವಳು.

“ನಿನ್ನೆ ಭೋಂಗಾ ಪರೀಕ್ಷಾ ಮಾಡಿದ್ರಂತ. ನಿಮ್ಮ ದಂಡೀದು ಕೂಗೇತಂತ, ನಮ್ಮ ದಂಡೀದು ಪಿಟ್ಟ್ ಅಂದಿಲ್ಲ. ನಾವೇನು ಮನಶ್ಯಾರಲ್ಲೇನು?”

ಸಾವಂತ್ರಿ ಕಂಪ್ಯೂಟರ್ ಪರದೆಯಿಂದ ಕಣ್ಣು ಕೀಳಲಿಲ್ಲ. ಆಶ್ರಮದ ರೌಟರು ಅವಳ ಕೈಯಲ್ಲಿತ್ತು. ಅಜ್ಜನ ಶಿಷ್ಯರಲ್ಲಿ ತಾನೇ ಚುರುಕು ಅನ್ನುವುದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಗಾಳಿ ಬ್ಯಾರೆ ಕಡೆ ಬೀಸಿರಬೇಕು ಬೇ. ಇಲ್ಲಿ ಎಲ್ಲಾ ಸರಿ ಐತಿ.”

“ಗಾಳಿಯಂತ ಗಾಳಿ! ದಿಬ್ಬದ ಮ್ಯಾಲ ಬಂದು ಕುಂದರು, ಯಾವ ಕಡೆ ಬೀಸತೈತಿ ತಿಳೀತೈತಿ.”

ಮಜ್ಜಿಗೆ ಕುಡಿಯುತ್ತಿದ್ದ ಅಡಿವೆಯ್ಯಜ್ಜ ಲೋಟ ಕೆಳಗಿಟ್ಟರು.

“ಸಾವಂತ್ರಿ, ಪಕ್ಕದವನ್ನ ನೋಡಿದೇನು?”

ಪಕ್ಕದವನು ಅಂದರೆ ಆಚೆ ದಂಡೆಯ ರೌಟರು. ರೌಟರುಗಳಿಗೂ ನೆರೆಹೊರೆ ಉಂಟು. ಗಳಿಗೆಗೊಮ್ಮೆ ಒಂದಕ್ಕೊಂದು ನಮಸ್ಕಾರ ಕಳಿಸುತ್ತವೆ. ತನಗೆ ಯಾರ್ಯಾರ ದನಿ ಕೇಳಿಸಿದೆ ಅನ್ನುವ ಹೆಸರುಗಳೂ ಆ ನಮಸ್ಕಾರದೊಳಗೇ ಇರುತ್ತವೆ. ಅವನದರಲ್ಲಿ ನನ್ನ ಹೆಸರು, ನನ್ನದರಲ್ಲಿ ಅವನ ಹೆಸರು ಇದ್ದರೆ ಮಾತ್ರ ಸಂಬಂಧ ಕುದುರಿತು. ಅಲ್ಲಿಯವರೆಗೆ ಒಬ್ಬರ ದಾರಿ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ.

ಅದಕ್ಕೇ ಆಶ್ರಮದಲ್ಲೊಂದು ಪದ್ಧತಿ ಇತ್ತು. ಈಚೆ ದಂಡೆಯ ಪರದೆ ನೋಡಬೇಕು. ಹರಿಗೋಲು ಹತ್ತಿ ಹೋಗಿ ಆಚೆ ದಂಡೆಯ ಪರದೆಯನ್ನೂ ನೋಡಬೇಕು. ಎರಡನ್ನೂ ನೋಡದೆ ‘ಸರಿ ಐತಿ’ ಅನ್ನುವ ಮಾತು ಬಾಯಿಂದ ಬರಕೂಡದು.

ಸಾವಂತ್ರಿ ಎಷ್ಟೋ ದಿನದಿಂದ ಹರಿಗೋಲು ಹತ್ತಿರಲಿಲ್ಲ. ಆಚೆಯ ರೌಟರು ನೋಡಿಕೊಳ್ಳುವವನು ದಾವಲ್‌ಸಾಬ, ಅವಳ ಜೊತೆಗೇ ಕಲಿತವನು. ಒಮ್ಮೆ ಎಲ್ಲರ ಎದುರಿಗೆ, “ನೀ ಬರೇ ನಿನ್ನ ಪರದೆ ನೋಡ್ತಿ” ಅಂದುಬಿಟ್ಟಿದ್ದ. ಅವತ್ತಿನಿಂದ ಅವನ ಮುಖ ನೋಡುವುದಿರಲಿ, ಅವನ ಫೋನನ್ನೂ ಅವಳು ಎತ್ತುತ್ತಿರಲಿಲ್ಲ. ಸಿಟ್ಟು ಅಂದರೆ ಅಂಥಾ ಸಿಟ್ಟು!

“ನೋಡೇನ್ರಿ ಅಜ್ಜಾರ. ನನ್ನ ಪಟ್ಟಿಯೊಳಗ ದಾವಲನ ರೌಟರಿನ ಹೆಸರು ಕಾಣಸ್ತೈತಿ.”

“ಅವನ ಪಟ್ಟಿಯೊಳಗ ನಿನ್ನ ಹೆಸರು?”

“ಅದನ್ನ ನಾ ಯಾಕ ನೋಡಬೇಕ್ರಿ? ನನ್ನ ದಂಡಿ ನಾ ನೋಡ್ತೀನಿ, ಅವನ ದಂಡಿ ಅವ ನೋಡ್ಲಿ. ಅವ ಮಾಡೋ ತಪ್ಪಿಗೆ ನಾ ಹೊಳಿ ದಾಟಬೇಕೇನು?”

“ಅಂದ್ರ ಸರಿ ಐತಿ ಅಂತಿ?”

“ಎಲ್ಲಾ ಸರಿ ಐತ್ರಿ.”

ಅಜ್ಜ ಎದ್ದರು. ಹೆಗಲಿಗೆ ಟವೆಲು ಹಾಕಿಕೊಂಡರು.

“ಗೌರವ್ವಾ, ಇವತ್ತ ಬ್ಯಾರೇಜಿನವ್ರು ಕೆಳಗಿನ ಊರಿಗೆ ಕುಡಿಯೋ ನೀರು ಬಿಡ್ತಾರ. ಯಾವ ಹೊತ್ತಿಗೆ ಅಂತ ಹೇಳಿಲ್ಲ. ನಿನ್ನವರನ್ನ ಕರಕೊಂಡು ದಂಡಿ ಹತ್ತು. ನಿನ್ನ ಬಳ್ಳಿ ನಾ ಕಾಯ್ತೀನಿ.”

“ನೀವ್ಯಾಕ್ರಿ ಅಜ್ಜಾ? ನಿಮಗ ಈಜು ಬರಂಗಿಲ್ಲ!”

“ಭೋಂಗಾ ಕೂಗಿದ್ರ ಏಳ್ತೀನಿ. ಎಲ್ಲಾ ಸರಿ ಐತಂತಲ್ಲ.”

ಸಾವಂತ್ರಿಯ ಮುಖಕ್ಕೆ ರಕ್ತ ಏರಿತು. ಅಷ್ಟು ವರ್ಷ ಕಲಿಸಿದವರು, ಒಂದು ಮಾತಿನ ಮೇಲೆ ನಂಬಿಕೆ ಇಲ್ಲದೆ, ಬೇರೆಯವಳ ಎದುರಿಗೆ ಹೀಗೆ ಮಾಡುವುದೇ! ಹೋಗಲಿ, ಕೂತುಕೊಳ್ಳಲಿ, ಬಿಸಿಲು ಬಡಿದರೆ ತಾವೇ ಬರುತ್ತಾರೆ ಎಂದುಕೊಂಡಳು. ಅಜ್ಜ ಗೌರವ್ವನ ಹರಿಗೋಲು ಹತ್ತಿ ದಿಬ್ಬಕ್ಕೆ ಹೋದ ಮೇಲೆ ಕುರ್ಚಿ ಎಳೆದು ಪರದೆಯ ಮುಂದೆ ಕೂತಳು.

ಕೂತವಳು, ಅಜ್ಜನ ಮುಂದೆ ಹಿಡಿದು ತೋರಿಸಲಿಕ್ಕಾದರೂ ಇರಲಿ ಅಂತ, ನೆರೆಯವರ ಪಟ್ಟಿಯನ್ನು ಇನ್ನೊಮ್ಮೆ ತರಿಸಿದಳು.

ದಾವಲನ ರೌಟರಿನ ಹೆಸರು ಇತ್ತು. ಹೆಸರಿನ ಪಕ್ಕದಲ್ಲಿ ಒಂದು ಮಾತೂ ಇತ್ತು. ದಿನಾ ಹೆಸರು ನೋಡುತ್ತಿದ್ದಳು, ಆ ಮಾತನ್ನು ಓದುತ್ತಿರಲಿಲ್ಲ.

‘ಫುಲ್’ ಅಂತ, ಅಂದರೆ ಸಂಬಂಧ ಪೂರ್ತಿ ಕುದುರಿದೆ ಅಂತ ಇರಬೇಕಾಗಿತ್ತು. ‘ಇನಿಟ್’ ಅಂತ ಇತ್ತು. ಅವನ ನಮಸ್ಕಾರ ಬಂದಿದೆ, ಅದರಲ್ಲಿ ನಿನ್ನ ಹೆಸರಿಲ್ಲ ಅಂತ ಅದರ ಅರ್ಥ.

“ಕಳ್ಳ ನನ್ನ ಮಗ!” ಎಂದಳು ಸಾವಂತ್ರಿ. “ಬೇಕಂತ ಮಾಡ್ಯಾನ. ನನ್ನ ಮ್ಯಾಲಿನ ಸಿಟ್ಟು ರೌಟರಿನ ಮ್ಯಾಲ ತೀರಿಸ್ಯಾನ!”

ಕಿಟಕಿಯಿಂದ ನೋಡಿದಳು. ಗೌರವ್ವನ ಮಂದಿ ಮೊಣಕಾಲುದ್ದ ನೀರಿನಲ್ಲಿ ಆಚೆ ದಂಡೆಗೆ ದಾಟುತ್ತಿದ್ದರು. ದಿಬ್ಬದ ಮೇಲೆ ಒಂದೇ ಒಂದು ಬಿಳಿ ಧೋತರ ಕಾಣುತ್ತಿತ್ತು.

ಅವಳು ಹರಿಗೋಲಿಗೆ ಓಡಿದಳು.

ದಿಬ್ಬದ ಹತ್ತಿರ ಬಂದಾಗ ಕೂಗಿದಳು, “ಅಜ್ಜಾರ, ಏಳ್ರಿ! ಭೋಂಗಾ ಕೆಟ್ಟೈತಿ. ತಪ್ಪು ದಾವಲಂದು!”

“ಹಂಗಾದ್ರ ಅವನ್ನ ಕೇಳು ಹೋಗು. ನಾ ಭೋಂಗಾದ ಮಾತಷ್ಟ ಕೇಳ್ತೀನಿ.”

“ನೀರು ಬಂದ್ರ?”

ಅಜ್ಜ ಬಳ್ಳಿಯ ಬುಡದ ಕಸ ಕೀಳುತ್ತ ಕೂತರು.

ದಾವಲ್‌ಸಾಬ ತನ್ನ ಕೋಣೆಯ ಬಾಗಿಲಲ್ಲೇ ನಿಂತಿದ್ದ. ಅವನೂ ಅಜ್ಜನನ್ನು ಕರೆದು ಕರೆದು ಸೋತು ಬಂದಿದ್ದ. ಸಾವಂತ್ರಿಯನ್ನು ಕಂಡದ್ದೇ ಸಿಡಿದ.

“ಬಂದ್ಯಾ ತಾಯಿ? ದಾರಿ ಗೊತ್ತಿತ್ತೇನು?”

“ಕಿವಿ ಮುಚ್ಚಿಕೊಂಡು ಕುಂತೀಯಲ್ಲ, ನಾಚಿಕಿ ಆಗಂಗಿಲ್ಲೇನು ನಿನಗ? ನನ್ನ ಹೆಸರು ಯಾಕ ತಗದಿ?”

“ನಾ ತಗದೆ?” ದಾವಲ ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಪರದೆಯ ಮುಂದೆ ನಿಲ್ಲಿಸಿದ. “ನೋಡು. ಕಣ್ಣಾರೆ ನೋಡು.”

ಅವನ ಪಟ್ಟಿ ಖಾಲಿ ಇತ್ತು. ಇನಿಟ್ ಇಲ್ಲ, ಹೆಸರೂ ಇಲ್ಲ. ಆ ರೌಟರಿನ ಪಾಲಿಗೆ ಆಶ್ರಮ ಅನ್ನುವುದೇ ಇರಲಿಲ್ಲ.

“ನನ್ನ ದನಿ ನಿನಗ ಮುಟ್ಟತೈತಿ. ನಿಂದು ನನಗ ಬರವಲ್ತು. ಹೇಳೂಣಂತ ಫೋನ್ ಮಾಡಿದ್ರ ಎತ್ತಂಗಿಲ್ಲ. ಆಳನ್ನ ಕಳಿಸಿದ್ರ, ಅವಗೂ ಎಲ್ಲಾ ಸರಿ ಐತಿ ಅಂತ ಹೇಳಿ ಕಳಿಸಿದಿ. ದಿಬ್ಬದ ಮ್ಯಾಲ ಕೂಸು ಕುನ್ನಿ ಕಟಗೊಂಡು ಮಂದಿ ಇರ್ತಾರ, ಸಾವಂತ್ರಿ! ಅವರೇನು ಕಲ್ಲಂಗಡಿ ಏನು, ತೇಲಿಕೊಂಡು ಹೋಗಾಕ?”

ಸಾವಂತ್ರಿಗೆ ಕೆಲವು ದಿನದ ಹಿಂದೆ ತಾನು ಮಾಡಿದ್ದು ನೆನಪಾಯಿತು.

ಆಶ್ರಮದ ಒಳಗಿನ ವೈಫೈ ಪದೇ ಪದೇ ನಿಲ್ಲುತ್ತಿತ್ತು. ಕಂಬದ ರೇಡಿಯೋ ಜೋರಾಗಿದ್ದದ್ದಕ್ಕೇ ಅಡ್ಡಿ ಅಂತ ಅವಳು ಅದರ ಬಲವನ್ನು ತಗ್ಗಿಸಿದ್ದಳು. ವೈಫೈ ಸರಿಹೋಗಿತ್ತು. ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡಿದ್ದಳು. ಆಮೇಲೆ ಹರಿಗೋಲು ಹತ್ತಿ ಬಂದು ಈ ಪರದೆ ನೋಡಿದ್ದರೆ ಆ ಕ್ಷಣವೇ ಗೊತ್ತಾಗುತ್ತಿತ್ತು.

ತನ್ನ ದನಿಯನ್ನು ತಾನೇ ತಗ್ಗಿಸಿ, ಕೇಳಿಸಿಕೊಳ್ಳಲಿಲ್ಲ ಅಂತ ಅವನನ್ನು ಬೈಯುತ್ತಿದ್ದಳು.

“ದಾವಲಾ,” ಅಂದಳು, “ನಾ ಹೋಗಿ ಫೋನ್ ಮಾಡ್ತೀನಿ. ಎತ್ತು.”

“ನಾ ಯಾವಾಗ ಎತ್ತಿಲ್ಲ?” ಎಂದ ದಾವಲ.

ಹುಟ್ಟು ಹಾಕಿ ಹಾಕಿ ಅಂಗೈ ಸುಲಿದವು. ದಿಬ್ಬದ ಪಕ್ಕ ಹಾಯುವಾಗ ಅಜ್ಜನ ಕಡೆ ನೋಡುವ ಧೈರ್ಯ ಅವಳಿಗೆ ಇರಲಿಲ್ಲ. ಆಶ್ರಮಕ್ಕೆ ಬಿದ್ದು ಎದ್ದು ಓಡಿಬಂದು ರೇಡಿಯೋದ ಬಲ ಏರಿಸಿದಳು, ಫೋನು ಮಾಡಿದಳು.

“ಈಗ ನೋಡು.”

“ತಡಿ. ಬಂತು. ನಿನ್ನ ಹೆಸರು ಬಂತು.”

“ಹೆಸರು ಬಿಡೋ! ಪಕ್ಕದಾಗ ಏನೈತಿ ಅದನ್ನ ಓದು.”

“ಲೋಡಿಂಗ್… ಇನ್ನೂ ಲೋಡಿಂಗ್… ಹಾಂ, ಫುಲ್. ನಿನ್ನ ಕಡೆ?”

ಅವಳು ಪರದೆಯ ಮೇಲೆ ಬೆರಳಿಟ್ಟು ಓದಿದಳು. “ಫುಲ್.”

ಇಬ್ಬರೂ ಫೋನು ಇಡಲಿಲ್ಲ. ಕಿಟಕಿಯಲ್ಲಿ ಬಿಳಿ ಧೋತರ ಹಾಗೇ ಇತ್ತು.

ಬಿಸಿಲು ವಾಲುವ ಹೊತ್ತಿಗೆ ಬ್ಯಾರೇಜಿನ ಸುದ್ದಿ ಬಂತು. ತಲೆಯ ಮೇಲಿನ ಭೋಂಗಾ ಕೂಗಿತು. ಸಾವಂತ್ರಿ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅವಳ ಜೀವವೆಲ್ಲ ಕಿವಿಗೆ ಒತ್ತಿಕೊಂಡ ಫೋನಿನಲ್ಲಿತ್ತು. ಅದರೊಳಗೆ ಆಚೆ ದಂಡೆಯ ಭೋಂಗಾ ಕೂಗುತ್ತಿತ್ತು.

ಅಜ್ಜ ಎದ್ದರು. ಟವೆಲು ಝಾಡಿಸಿದರು. ಅವಸರವೇ ಇಲ್ಲದೆ ನೀರಿಗಿಳಿದು ಆಚೆ ದಂಡೆ ಹತ್ತಿದರು. ಸ್ವಲ್ಪ ಹೊತ್ತಿಗೆ ಕೆಂಪು ನೀರು ಬಂತು. ಅವರು ಕೂತಿದ್ದ ಜಾಗ ಮುಳುಗಿತು.

ಸಾವಂತ್ರಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು.

“ದಾವಲಾ, ಅಜ್ಜಾರಿಗೆ ಫೋನ್ ಕೊಡು.”

ಆ ಕಡೆಯಿಂದ ಅಜ್ಜನ ಉಸಿರು ಕೇಳಿಸಿತು.

“ನಿಮಗ ಏನರೆ ಆಗಿದ್ರ? ಒಂದು ಪಾಠ ಕಲಿಸಾಕ ಜೀವಾನ ಪಣಕ್ಕ ಇಡ್ತಾರೇನ್ರಿ? ಬೈರಿ, ಹೊಡೀರಿ, ಆಶ್ರಮದಿಂದ ಹೊರಗ ಹಾಕ್ರಿ! ನನ್ನ ಮಾತ ನಂಬಿ ಸಾಯಾಕ ಕುಂದ್ರೋದು ಯಾವ ನ್ಯಾಯರಿ? ಹೇಳ್ರಿ, ಯಾವ ನ್ಯಾಯ?”

ಅವಳು ಪೂರ್ತಿ ಕೂಗಿ ಮುಗಿಸಿದ ಮೇಲೆ ಅಜ್ಜ ಹೇಳಿದರು.

“ನಾ ಇವತ್ತೊಂದಿನ ಕುಂತೆ, ಸಾವಂತ್ರಿ. ಗೌರವ್ವ ನಿನ್ನ ಮಾತ ನಂಬಿ ದಿನಾ ಅಲ್ಲೇ ಕುಂದರ್ತಾಳ. ಈ ಸಿಟ್ಟು ಅವಾಗ ಎಲ್ಲಿತ್ತು?”