ದೀವಟಿಗೆಯವರ ಮೊಮ್ಮಗಳ ಹೆಸರು

ಕೇಳಿರಪ್ಪ, ಫಕೀರವ್ವ ಅಂತ ಒಬ್ಬಾಕೆ ಇದ್ದಳು. ಗಂಡ ತೀರಿಹೋಗಿದ್ದ. ಮಗ ತಿರಕಪ್ಪ ಪೆದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ಕೇಡು. ಮಗಳು ಹುಲಿಗೆವ್ವ ಪಕ್ಕದೂರಿಗೆ ಲಗ್ನವಾಗಿ ಹೋಗಿದ್ದಳು. ಅವ್ವ ಉಬ್ಬಸದಿಂದ ಹಾಸಿಗೆ ಹಿಡಿದಿದ್ದಕ್ಕೆ ಅವಳ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಹೆಣ್ಣುಕೂಸು. ಹೆಸರನ್ನು ಅವ್ವನೇ ಆರಿಸಲಿ ಅಂತ ಹೇಳಿಕಳಿಸಿದಳು.

ಈಗೀಗ ಪೇಟೆಯವರು ಮನೆತನದ ಹೆಸರನ್ನೇ ಮಕ್ಕಳಿಗೆ ಇಡುತ್ತಾರೆ ಅಂತ ಸೂಜಿ ಹಾಕಲು ಬಂದ ನರ್ಸಮ್ಮ ಹೇಳಿದ್ದು ಫಕೀರವ್ವನ ಮನಸ್ಸಿನಲ್ಲಿತ್ತು. ಮಗನನ್ನು ಹತ್ತಿರ ಕರೆದಳು.

"ನಮ್ಮ ಮನೆತನದ ಹೆಸರು ದೀವಟಿಗೆ. ನಿಮ್ಮ ಮುತ್ತಜ್ಜನೋರು ಕತ್ತಲ ದಾರ್ಯಾಗ ಪಂಜು ಹಿಡಿದು ಮಂದಿ ಮುಂದ ನಡೀತಿದ್ರು. ನಿನಗಂತೂ ಯಾರೂ ಹೆಣ್ಣು ಕೊಡಂಗಿಲ್ಲ, ಹೆಸರು ನಿನ್ನ ಜೋಡಿ ಆರಿ ಹೋಗ್ತೈತಿ. ಕೂಸಿನ ಮ್ಯಾಲಾದ್ರೂ ಉಳೀಲಿ. ದೀವಟಿಗೆ ಅಂತ ಇಡಾಕ ಹೇಳು. ಮರತೀಯ, ಬಾಯಾಗ ಹಿಡಕೊಂಡು ಹೋಗು."

ಹಿಡಿದುಕೊಂಡು ಹೋದ. ತುಟಿ ಬಿಗಿದು ನಡೆದ. ಏನು ಹೆಸರು ಅಂತ ತಂಗಿ ಕೇಳಿದಳು, ಬಾಯಿ ಬಿಡಲಿಲ್ಲ. ಬೀಗರು ಕೇಳಿದರು, ಬಿಡಲಿಲ್ಲ. ತೊಟ್ಟಿಲ ಕಾರ್ಯ ಮುಂದಕ್ಕೆ ಹೋಯಿತು. ವಾಪಸು ಬಂದು ಅವ್ವನ ಮುಂದೆ ಬಾಯಿ ತೆರೆದು, ಎಲ್ಲೂ ಬೀಳಿಸಿಲ್ಲ ನೋಡು ಅಂದ.

ಅವ್ವ ಹಣೆ ಬಡಿದುಕೊಂಡಳು. ಮೂಗನ ಹಾಗೆ ಹೋಗುತ್ತಾರೇನೋ, ನಮ್ಮ ಮನೆಗೆ ಬೆಳಕು ಬಂತು ಅಂತ ಎದುರಿಗೆ ಸಿಕ್ಕವರಿಗೆಲ್ಲ ನಗುನಗುತ್ತ ಹೇಳಬೇಕು ಅಂದಳು.

ಮತ್ತೆ ಹೊರಟ. ದಾರಿಯಲ್ಲಿ ಒಂದು ಮನೆ ಮುಂದೆ ಹರೆಯದ ಹುಡುಗನ ಹೆಣ ಕೂರಿಸಿದ್ದರು. ಹೆತ್ತವಳು ಮಣ್ಣಲ್ಲಿ ಹೊರಳುತ್ತಿದ್ದಳು. ತಿರಕಪ್ಪ ಅವಳ ಎದುರಿಗೇ ನಿಂತು ನಕ್ಕ. ನಮ್ಮ ಮನೆಗೆ ಬೆಳಕು ಬಂತು ಅಂದ. ಹಿಡಿದು ಬಡಿದರು. ರಕ್ತ ಸೋರುವ ಮೂಗು ಒತ್ತಿಕೊಂಡು ಮನೆಗೆ ಬಂದ.

ಅವ್ವ ಸೆರಗಿನಿಂದ ಒರೆಸಿದಳು. ಬೈಯಲು ಅವಳಿಗೆ ಉಸಿರು ಸಾಲಲಿಲ್ಲ. "ಕಂಡವರಿಗೆಲ್ಲ ಹೇಳಬ್ಯಾಡೋ. ಕೂಸಿನ ಕಿವ್ಯಾಗ ಹೇಳು. ನನ್ನ ಕೇಳದಂಗ ಮತ್ಯಾರ ಮುಂದೂ ಬಾಯಿ ಬಿಡಬ್ಯಾಡ."

ಈ ಸಲ ತಪ್ಪಲಿಲ್ಲ. ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಹೇಳಿದ. ಅದು ಕಾಲು ಝಾಡಿಸಿತು. ಏನಂದೆ ಅಂತ ಎಲ್ಲರೂ ಕೇಳಿದರು. ಅವ್ವನನ್ನು ಕೇಳಿ ಹೇಳುತ್ತೇನೆ ಅಂದ. ಅಷ್ಟರಲ್ಲಿ ಅವರೂರಿನವನೊಬ್ಬ ಸೈಕಲ್ ಮೇಲೆ ಬಂದ. ಫಕೀರವ್ವ ಹೋಗಿಬಿಟ್ಟಿದ್ದಳು.

ಹುಲಿಗೆವ್ವ ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಅತ್ತು ಅತ್ತು, ಕೊನೆಗೆ ಅಣ್ಣನ ಕೈ ಹಿಡಿದಳು.

"ಅಣ್ಣಾ, ಅವ್ವ ಏನು ಹೆಸರು ಆರಿಸಿದ್ಲು? ಅದೊಂದಾದ್ರೂ ನನಗ ಸಿಗಲಿ, ಹೇಳು."

"ತಡಿ, ಕೇಳ್ತೀನಿ" ಅಂದ ತಿರಕಪ್ಪ.

ಹೆಣದ ಪಕ್ಕ ಕೂತ. ಕಿವಿಗೆ ಬಾಯಿಟ್ಟು, ತಂಗಿ ಕೇಳುತ್ತಾಳೆ, ಹೇಳಲೇನು ಅಂದ. ಕಾದ. ಮತ್ತೆ ಕೇಳಿದ, ಮತ್ತೆ ಕಾದ.

ಆಮೇಲೆ ತಂಗಿಯ ಕಡೆ ತಿರುಗಿ ತಲೆ ಅಲ್ಲಾಡಿಸಿದ.

"ಅವ್ವ ಹ್ಞೂಂ ಅನ್ನವಲ್ಲಳವ್ವ."