ಪುಟದಲ್ಲಿ ತೀರಿಕೊಂಡ ಮೀನುಗಾರ

"ಮೇಷ್ಟ್ರೇ, ಹದಿನೇಳು ಅಂಕಿಗಳ ಸಂಖ್ಯೆ. ವೆಬ್ ಪುಟ ಅದನ್ನು ಓದಿಕೊಳ್ಳುವಾಗ ಕೊನೆಯ ಅಂಕಿ ಒಂದರಷ್ಟು ಆಚೀಚೆಯಾಗುತ್ತದೆ. ಅಷ್ಟಕ್ಕೇ ಏನು ಮುಳುಗಿಹೋಗುತ್ತದೆ?" ಎಂದು ಸುಗುಣಾ ತಾನು ಬರೆಯುತ್ತಿದ್ದ ಪ್ರೋಗ್ರಾಂ ತೋರಿಸಿ ಕೇಳಿದಳು.

ದಿವಾಕರ ಮೇಷ್ಟ್ರು ಮಾಡುತ್ತಿದ್ದ ಕೆಲಸ ನಿಲ್ಲಿಸಿ ಹೇಳತೊಡಗಿದರು.

ಒಬ್ಬ ಮೀನುಗಾರನಿದ್ದ. ಬಿರುಗಾಳಿಗೆ ಅವನ ದೋಣಿ ಒಡೆಯಿತು. ಯಾವುದೋ ಹಡಗಿನವರು ಅವನನ್ನು ಎತ್ತಿಕೊಂಡು ಹೋಗಿ ದೂರದ ಬಂದರಿನ ಆಸ್ಪತ್ರೆಗೆ ಸೇರಿಸಿದರು. ಕಾಲು ಮುರಿದಿತ್ತು. ಫೋನು ನೀರುಪಾಲಾಗಿತ್ತು. ಹೆಂಡತಿಯ ನಂಬರು ಅವನಿಗೆ ಬಾಯಿಪಾಠವಿರಲಿಲ್ಲ.

ಆಸ್ಪತ್ರೆಯವರು ಅವನ ಹೆಸರು ಬರೆದುಕೊಂಡು, ಒಂದು ಉದ್ದನೆಯ ಸಂಖ್ಯೆ ಕೊಟ್ಟರು. "ಚಿಂತೆ ಬೇಡ, ಬಿರುಗಾಳಿಗೆ ಸಿಕ್ಕವರ ವಿವರವೆಲ್ಲ ಹಾಕಿದ್ದೇವೆ; ನಿಮ್ಮವರು ವೆಬ್‌ಸೈಟ್ ನೋಡಿಕೊಂಡು ಬರುತ್ತಾರೆ" ಎಂದರು.

ಅವನು ಕಾದ. ಪಕ್ಕದ ಹಾಸಿಗೆಯವನ ಅಣ್ಣ ಬಂದ. ಎದುರಿನವನ ತಾಯಿ ಬಂದು ಮಗನನ್ನು ತಬ್ಬಿಕೊಂಡು ಅತ್ತಳು. ಬಾಗಿಲು ಸದ್ದಾದಾಗಲೆಲ್ಲ ಇವನು ತಲೆಯೆತ್ತುತ್ತಿದ್ದ. ಇವನನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ಕೊನೆಗೆ ವಾರ್ಡು ಖಾಲಿಯಾಯಿತು. ತಾನು ಅವಳಿಗೆ ಬೇಡವಾದೆನೇನೋ ಎಂದುಕೊಂಡು, ಗೋಡೆಯ ಕಡೆ ತಿರುಗಿ ಮಲಗತೊಡಗಿದ.

ಹೆಂಡತಿ ದೋಣಿ ಒಡೆದ ಸುದ್ದಿ ತಿಳಿದ ಕೂಡಲೇ ಆ ವೆಬ್ ಪುಟದಲ್ಲಿ ಅವನ ಹೆಸರು ಹಾಕಿ ಹುಡುಕಿದ್ದಳು. ಪುಟ ಅವನ ಸಂಖ್ಯೆಯನ್ನು ಓದಿಕೊಂಡಿತು. ಅಷ್ಟು ದೊಡ್ಡ ಸಂಖ್ಯೆ ಅದರ ಲೆಕ್ಕದಲ್ಲಿ ಪೂರ್ತಿ ಹಿಡಿಸಲಿಲ್ಲ. ಕೊನೆಯ ಅಂಕಿ ಮೂರು ಇದ್ದದ್ದು ನಾಲ್ಕಾಯಿತು. ಆ ಸಂಖ್ಯೆಯವನು ಬೇರೊಬ್ಬ. ಇವನ ಹೆಸರಿನ ಕೆಳಗೆ ಅವನ ಸುದ್ದಿ ಬಂತು: ನಿಧನ, ಅಂತ್ಯಕ್ರಿಯೆ ಮುಗಿದಿದೆ.

ಕಾಲು ಕೂಡಿದ ಮೇಲೆ ಮೀನುಗಾರ ಊರಿಗೆ ಬಂದ. ಮನೆಗೆ ಬೀಗ ಹಾಕಿತ್ತು. ನೆರೆಮನೆಯವಳು ಅವನನ್ನು ಕಂಡು ಅಂಗಳಕ್ಕೆ ಓಡಿಬಂದಳು.

"ನೀನಾ? ನಿನ್ನ ತಿಥಿಯ ಊಟ ಉಂಡೆವಲ್ಲೋ!"

"ಅವಳೆಲ್ಲಿ, ಅಕ್ಕಾ?"

"ಸಮುದ್ರ ಕಾಣಿಸದ ಕಡೆ ಹೋಗಿ ಇರುತ್ತೇನೆ ಎಂದು ಹೊರಟುಹೋದಳು. ಯಾವ ಊರೆಂದು ಹೇಳಲಿಲ್ಲ. ಫೋನು ಮಾಡಿದರೂ ಹತ್ತುವುದಿಲ್ಲ."

ಅವನು ತಿಂಗಳುಗಟ್ಟಲೆ ಊರೂರು ಅಲೆದ. ಆಮೇಲೆ ಹಿಂದಿರುಗಿ, ಬೀಗ ಒಡೆದು, ಒಬ್ಬನೇ ಒಲೆ ಹಚ್ಚಿದ.

ಸುಗುಣಾ ತಡೆದು ತಡೆದು ಕೇಳಿದಳು: "ಆ ಪುಟವನ್ನು ಯಾರೂ ಸರಿಪಡಿಸಲಿಲ್ಲವೇ, ಮೇಷ್ಟ್ರೇ? ಸಂಖ್ಯೆಯನ್ನು ಲೆಕ್ಕಕ್ಕೆ ಹಚ್ಚದೆ, ಅಕ್ಷರಗಳ ಹಾಗೆ ಇದ್ದದ್ದು ಇದ್ದಂತೆ ಓದಿಸಿದ್ದರೆ ಸಾಕಿತ್ತಲ್ಲ."

"ಹಾಗೆಯೇ ಸರಿಪಡಿಸಿದರು, ಮಗಳೇ; ಈಗ ಅವನ ಹೆಸರು ಹಾಕಿದರೆ ಬದುಕಿದ್ದಾನೆ ಎಂದೇ ಬರುತ್ತದೆ, ಹಾಕಿ ನೋಡುವವರಿಲ್ಲ."