ಹೊಸಬರ ಎದುರಿಗೆ ಎಂಥ ಶತ್ರು
ಸೋಮಲಿಂಗನೆಂಬ ಶಿಷ್ಯ ಕೇಳಿದ:

"ಗುರುಗಳೇ, ನಾನು ಗೆಳೆಯರಿಗೆ ಒಂದು ದಾಳದ ಆಟ ಆಡಿಸುತ್ತೇನೆ. ಆಡುವವರು ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ವೈದ್ಯ ಎಂದು ಪಾತ್ರ ವಹಿಸುತ್ತಾರೆ. ಅವರ ದಾರಿಗೆ ರಾಕ್ಷಸರನ್ನೋ ಕಳ್ಳರನ್ನೋ ತಂದು ನಿಲ್ಲಿಸುವವನು ನಾನು. ಎಲ್ಲವೂ ಮಾತಿನಲ್ಲಿ, ದಾಳದಲ್ಲಿ ನಡೆಯುತ್ತದೆ. ಹೋದ ವಾರ ಹೊಸಬರ ಪಾತ್ರಗಳೆಲ್ಲ ಮೊದಲ ಕಾಳಗದಲ್ಲೇ ಸತ್ತವು. ಅವರು ಮುಖ ಸಪ್ಪಗೆ ಮಾಡಿಕೊಂಡು ಎದ್ದು ಹೋದರು. ಈ ವಾರ ಸೋಲೇ ಇಲ್ಲದಂತೆ ಆಡಿಸೋಣ ಎಂದುಕೊಂಡಿದ್ದೇನೆ. ಹೊಸಬರ ಎದುರಿಗೆ ಎಷ್ಟು ಬಲದ ಶತ್ರುವನ್ನು ಇಡಬೇಕು?"

ಜೊತೆಯಲ್ಲಿದ್ದವರು ನಕ್ಕರು. ಗುರುಗಳು ನಗಲಿಲ್ಲ. ಈ ಕತೆ ಹೇಳಿದರು.

ಒಂದು ಘಟ್ಟದ ದಾರಿಯಲ್ಲಿ ಕಾವಲು ಠಾಣೆಯಿತ್ತು. ಅದಕ್ಕೆ ಒಬ್ಬ ನಾಯಕನಿದ್ದ. ಒಂದು ವರ್ಷ ಆರು ಮಂದಿ ಹೊಸಬರು ಠಾಣೆಗೆ ಸೇರಿದರು. ಅವರು ಕತ್ತಿ ಹಿಡಿಯಲು ಕಲಿತು ಒಂದು ತಿಂಗಳಾಗಿತ್ತು. ಘಟ್ಟದ ಗವಿಯಲ್ಲಿ ಕಳ್ಳರು ಬೀಡುಬಿಟ್ಟ ಸುದ್ದಿ ಬಂತು. ಕಾದಾಡಿದರೆ ತಾನೇ ಕಲಿಯುತ್ತಾರೆ ಎಂದು ನಾಯಕ ಆ ಆರು ಮಂದಿಯನ್ನೇ ಕಳುಹಿಸಿದ. ಗವಿಯಲ್ಲಿದ್ದವರು ಇಪ್ಪತ್ತು ಮಂದಿ, ಎಲ್ಲರೂ ಪಳಗಿದವರು. ಮಧ್ಯಾಹ್ನದ ಹೊತ್ತಿಗೆ ಆರು ಹೆಣಗಳನ್ನು ಒಂದೇ ಗಾಡಿಯಲ್ಲಿ ತಂದರು. ನಾಯಕ ಮೂರು ದಿನ ಅನ್ನ ಮುಟ್ಟಲಿಲ್ಲ.

ಮರುವರ್ಷ ಮತ್ತೆ ಆರು ಮಂದಿ ಬಂದರು. ಅವರಲ್ಲೊಬ್ಬ ಹಿಂದಿನ ವರ್ಷ ಸತ್ತವರಲ್ಲಿ ಒಬ್ಬನ ತಮ್ಮ. ಅವನ ಜೊತೆ ತಾಯಿಯೂ ಬಂದಿದ್ದಳು. ಅವಳು ನಾಯಕನಿಗೆ ಕೈಮುಗಿದು ನಿಂತಳು.

ಈ ಸಲ ನಾಯಕ ಬೇರೆ ದಾರಿ ಹಿಡಿದ. ಹಳೆಯ ಸಿಪಾಯಿಗಳಿಗೆ ಕಂಬಳಿ ಹೊದಿಸಿ, ಮುಖಕ್ಕೆ ಬಟ್ಟೆ ಕಟ್ಟಿಸಿ, ಕೈಗೆ ಮೊಂಡು ಕತ್ತಿ ಕೊಟ್ಟು ಕಳ್ಳರ ವೇಷ ಹಾಕಿಸಿದ. ಎರಡೇಟು ಬೀಳುತ್ತಲೇ ಓಡಬೇಕೆಂದು ಅವರಿಗೆ ಅಪ್ಪಣೆಯಾಯಿತು. ಹೊಸಬರು ಹೋದರು, ಗೆದ್ದರು. ಮತ್ತೆರಡು ಸಲ ಹೋದರು, ಗೆದ್ದರು. ಊರಿನವರು ಅವರಿಗೆ ಹೋಳಿಗೆ ಊಟ ಹಾಕಿದರು. ಸತ್ತವನ ತಮ್ಮನಂತೂ ದಿನದಿನಕ್ಕೆ ಎದೆಯುಬ್ಬಿಸಿ ನಡೆಯತೊಡಗಿದ. ಅದನ್ನು ನೋಡಿ ನಾಯಕನಿಗೆ ನೆಮ್ಮದಿಯೆನಿಸುತ್ತಿತ್ತು.

ಕಳ್ಳನ ವೇಷ ಹಾಕಿದ ಒಬ್ಬ ಮುದಿ ಸಿಪಾಯಿ ಹೇಳಿದ: "ನಾಯಕರೇ, ಇನ್ನು ಇವರಿಗೆ ನಿಜ ಹೇಳಿಬಿಡೋಣ."

"ಇನ್ನೊಂದು ತಿಂಗಳು ಹೋಗಲಿ," ಎಂದ ನಾಯಕ. "ಧೈರ್ಯ ಗಟ್ಟಿಯಾಗಲಿ."

ತಿಂಗಳು ತುಂಬಲಿಲ್ಲ. ಉಪ್ಪು ಹೇರಿಕೊಂಡು ಹೊರಟಿದ್ದ ಎತ್ತುಗಳ ಮೇಲೆ ಕಳ್ಳರು ಬಿದ್ದರು. ಕೂಗು ಠಾಣೆಗೆ ಕೇಳಿಸಿತು. ಹಳೆಯ ಸಿಪಾಯಿಗಳು ಆಯುಧ ಕಟ್ಟಿಕೊಳ್ಳುವಷ್ಟರಲ್ಲಿ ಆರು ಮಂದಿ ಹೊಸಬರು ಇಳಿಜಾರಿನಲ್ಲಿ ಓಡುತ್ತಿದ್ದರು. ಸತ್ತವನ ತಮ್ಮ ಭಾರವೆಂದು ಗುರಾಣಿಯನ್ನು ದಾರಿಯಲ್ಲೇ ಎಸೆದ. ನಿಲ್ಲಿರೋ ಎಂದು ಮುದಿ ಸಿಪಾಯಿ ಮೇಲಿನಿಂದ ಕೂಗಿದ. ಆ ತಮ್ಮ ತಿರುಗಿ ಕೈಬೀಸಿದ. ಅವರು ಕಳ್ಳರಿಗೆ ಎರಡೇಟು ಹಾಕಿದರು, ಕಳ್ಳರು ಓಡುತ್ತಾರೆಂದು ಕಾದರು. ಕಳ್ಳರು ಓಡಲಿಲ್ಲ.

ಮತ್ತೊಮ್ಮೆ ಆರು ಹೆಣಗಳ ಗಾಡಿ ಬಂತು. ತಾಯಿ ಬಂದಳು. ಮಗನ ಮುಖವನ್ನು ಸೆರಗಿನಿಂದ ಒರೆಸಿದಳು. ಆಮೇಲೆ ನಾಯಕನನ್ನು ಕೇಳಿದಳು:

"ದೊಡ್ಡವನು ಹೆದರಿಕೊಂಡು ಸತ್ತನೆಂದು ಕೇಳಿದ್ದೆ. ಇವನು?"

"ಇವನಿಗೆ ಹೆದರಿಕೆಯೇ ಇರಲಿಲ್ಲ, ತಾಯಿ."

"ಹೆದರಿಕೆಯನ್ನು ನಾನು ಅವನಿಗೆ ಕಲಿಸಿದ್ದೆ," ಎಂದಳು ಅವಳು. "ಅದನ್ನು ಯಾರು ಕಿತ್ತುಕೊಂಡರು?"

ಸಂಜೆಗೆ ಮುದಿ ಸಿಪಾಯಿ ಠಾಣೆ ಬಿಟ್ಟು ಹೋದ. ಅದಾದ ಮೇಲೆ ಸುತ್ತಲ ಯಾವ ಊರಿನವರೂ ತಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸೋಮಲಿಂಗ ಕೇಳಿದ:

"ಮೊದಲನೆಯದು ಹೆಚ್ಚಾಯಿತು, ಎರಡನೆಯದು ಕಡಿಮೆಯಾಯಿತು. ಹಾಗಾದರೆ ಸರಿಯಾದ ಅಳತೆ ಯಾವುದು, ಗುರುಗಳೇ?"

ಗುರುಗಳು ಹೇಳಿದರು: "ಆ ನಾಯಕನ ಕೈಕೆಳಗೆ ಹನ್ನೆರಡು ಮಂದಿ ಕಲಿತರು. ಒಮ್ಮೆ ಸೋತು ಬದುಕಿ ಬಂದವನು ಅವರಲ್ಲಿ ಒಬ್ಬನೂ ಇರಲಿಲ್ಲ."